ತಕ್ಕಡಿ ಮಾತಾಡಿದ ಬೆಳಗ್ಗೆ

ಹತ್ತೊಂಬತ್ತನೆಯ ಸಲವೂ ಕಂಪ್ಯೂಟರು ಹೇಳಿದ ಮಾತು ಕೇಳುವ ಮಗುವಿನ ಹಾಗೆ ಎದ್ದು ಕೂತಿತು. ಕಪ್ಪು ಪರದೆ, ಅದರ ಮೇಲೆ ಎರಡು ಸಾಲು ಬಿಳಿ ಅಕ್ಷರ, ಮೂರು ಸೆಕೆಂಡಿನ ಮೌನ, ಆಮೇಲೆ ತೂಕದ ಪ್ರೋಗ್ರಾಮಿನ ಹಸಿರು ಪುಟ. ಎಲ್ಲೂ ತಡವರಿಸಲಿಲ್ಲ.

ಕಂಪ್ಯೂಟರ್ ರಿಪೇರಿಯ ಸ್ಕ್ರೂ ಅಕ್ಕ ಬಟನ್ ಒತ್ತಿ ಅದನ್ನು ಮತ್ತೆ ಮಲಗಿಸಿದಳು.

"ಸಾಕು ಬಿಡಿ ಅಕ್ಕಾ," ಎಂದರು ಬಾಗಿಲಿಗೆ ಒರಗಿ ನಿಂತಿದ್ದ ಇನ್ಸ್‌ಪೆಕ್ಟರಮ್ಮ. "ನಮ್ಮ ಆಫೀಸಲ್ಲಿ ಇಟ್ಕೊಂಡು ನಲವತ್ತು ಸಲ ಹಾಕಿ ನೋಡಿದಾರೆ. ಒಂದು ಸಲಾನೂ ನಿಲ್ಲಲಿಲ್ಲ. ಇದಕ್ಕೆ ಯಾವ ರೋಗಾನೂ ಇಲ್ಲ."

"ಆವತ್ತು ನಿಂತಿತ್ತು ಅಂದ್ರು. ಮೇಷ್ಟ್ರು ಸುಳ್ಳು ಹೇಳೋರಲ್ಲ ಮೇಡಂ."

"ಸುಳ್ಳು ಅಂತ ನಾನೆಲ್ಲಿ ಅಂದೆ? ವಯಸ್ಸಾಗಿತ್ತು ಅಂದೆ."

ಹನ್ನೊಂದು ದಿನದ ಹಿಂದೆ, ಈ ಔಷಧಿ ಕಾರ್ಖಾನೆಯ ಇದೇ ತೂಕದ ಕೋಣೆಯಲ್ಲಿ, ಹಿರಿಯ ಕೆಮಿಸ್ಟರಾಗಿದ್ದ ಮೇಷ್ಟ್ರು ತಮ್ಮ ಫ್ಲಾಸ್ಕಿನ ನೀರು ಕುಡಿದು ಸತ್ತಿದ್ದರು. ನೀರಿನಲ್ಲಿ ಬೆರೆತಿದ್ದು ಇಲ್ಲಿನ ಬೀರುವಿನದೇ ಪುಡಿ. ಹೃದಯದ ಮಾತ್ರೆಗೆ ಅದು ಕಣದಷ್ಟು ಬೀಳುತ್ತದೆ, ಚಿಟಿಕೆಯಷ್ಟು ಬಿದ್ದರೆ ಹೃದಯವೇ ನಿಲ್ಲುತ್ತದೆ. ಪೊಲೀಸರು ಹಿಡಿದದ್ದು ಪುಡಿಗಳನ್ನು ತೂಗುವ ಹೆಂಗಸನ್ನು. ಕಾರ್ಖಾನೆಗೆಲ್ಲ ಅವಳು ತೂಕದಮ್ಮ.

"ನಾಳೆ ಹನ್ನೊಂದಕ್ಕೆ ಕೋರ್ಟಿಗೆ ಕಾಗದ ಹೋಗುತ್ತೆ," ಎಂದರು ಇನ್ಸ್‌ಪೆಕ್ಟರಮ್ಮ. "ಹಿಂದಿನ ಸಂಜೆ ಆ ಪುಡಿಯ ಬಾಟಲಿ ತೂಗಿದಾಗ ನಾನೂರ ಹನ್ನೆರಡು ಪಾಯಿಂಟ್ ಆರು ಗ್ರಾಮ್. ಬೆಳಗ್ಗೆ ಎಂಟು ಐವತ್ತೈದಕ್ಕೆ ಅವಳೇ ತೂಗಿದಾಗ ನಾನೂರ ಒಂಬತ್ತು ಪಾಯಿಂಟ್ ಒಂದು. ಮಧ್ಯೆ ಬೀಗ ತೆಗೆದವಳು ಅವಳೊಬ್ಬಳೇ ಅಂತ ಬೀರುವಿನ ಸಹಿ ಪುಸ್ತಕ ಹೇಳ್ತಿದೆ. ನಾನೇನು ಮಾಡ್ಲಿ? ಮನೇಲಿ ಅವಳ ಮಗೂಗೆ ಇನ್ನೂ ವರ್ಷ ತುಂಬಿಲ್ಲ. ನನಗೇನು ಕರುಳಿಲ್ವಾ?"

ಅಕ್ಕ ಇಪ್ಪತ್ತನೆಯ ಸಲಕ್ಕೆ ಕೈ ಹೋಗುವ ಮೊದಲು ಒಮ್ಮೆ ಕಣ್ಣು ಮುಚ್ಚಿಕೊಂಡಳು. ಮುಚ್ಚಿದರೆ ಸಾಕು, ಆ ಬೆಳಗಿನ ಫೋನು ಕಿವಿಯಲ್ಲಿ ಬಡಿದುಕೊಳ್ಳುತ್ತಿತ್ತು.

ಎಂಟು ಗಂಟೆ ಐದು ನಿಮಿಷ. ಒಂದು ಕೈಯಲ್ಲಿ ಮಗಳ ಊಟದ ಡಬ್ಬಿಯ ಮುಚ್ಚಳ, ಇನ್ನೊಂದು ಕೈಯಲ್ಲಿ ಫೋನು, ಅದರಲ್ಲಿ ಮೇಷ್ಟ್ರ ದನಿ. "ಕಂಪ್ಯೂಟರ್ ನಿಂತುಬಿಟ್ಟಿದೆಯಮ್ಮಾ. ಮೊದಲನೇ ಪುಟಾನೇ ದಾಟ್ತಿಲ್ಲ. ನಿನ್ನೆ ಸಂಜೆಯ ಅಂಕಿ ನೋಡಬೇಕಿತ್ತು, ತುರ್ತು. ಒಂದು ಗಳಿಗೆ ಬಂದು ಹೋಗ್ತೀಯಾ?"

"ಆಫ್ ಮಾಡಿ ಆನ್ ಮಾಡಿ ಮೇಷ್ಟ್ರೆ."

ಎಂಟು ಇಪ್ಪತ್ತಕ್ಕೆ ಮತ್ತೆ ಅದೇ ದನಿ. "ಐದು ಸಲ ಮಾಡಿದೆ. ಹಾಗೇ ಇದೆ. ಚಿತ್ರ ಕಳಿಸಿದೀನಿ, ನೋಡಿದೆಯಾ?"

"ಇನ್ನೈದು ಸಲ ಮಾಡಿ. ಬೆಳಗ್ಗೆ ಬೆಳಗ್ಗೆ ಬೇರೆ ಕೆಲಸ ಇಲ್ವಾ ನಿಮಗೆ?"

"ಆಯ್ತಮ್ಮಾ. ನಿನ್ನ ಕೆಲಸ ನೋಡ್ಕೋ," ಎಂದು ಇಟ್ಟಿದ್ದರು.

ಏಳನೆಯ ತರಗತಿಯಲ್ಲಿ ಅವಳಿಗೆ ವಿಜ್ಞಾನ ಹೇಳಿಕೊಟ್ಟವರು ಅವರು. ಶಾಲೆ ಬಿಟ್ಟು ಕಾರ್ಖಾನೆ ಸೇರಿದ ಮೇಲೂ ಮೇಷ್ಟ್ರು ಎನ್ನುವ ಹೆಸರು ಅವರನ್ನು ಬಿಡಲಿಲ್ಲ. ಈಗ ಅವಳ ಮಗಳಿಗೂ ಕಾಲೇಜು ಮುಗಿದ ಮೇಲೆ ಒಂದು ಗಂಟೆ, ಈ ಕೋಣೆಯಲ್ಲೇ, ಬಿಡಿಗಾಸು ಮುಟ್ಟದೆ ಪಾಠ ಹೇಳುತ್ತಿದ್ದರು. ಅಂಥವರಿಗೆ ಆಡಿದ ಕೊನೆಯ ಮಾತು ಅದು. ಇಟ್ಟ ಫೋನನ್ನು ಮತ್ತೆ ಎತ್ತಿ ಆಡಬಹುದು, ಆಡಿದ ಮಾತನ್ನು ಎಲ್ಲಿಂದ ಎತ್ತಿಕೊಳ್ಳುವುದು?

"ಇದೊಂದು ಸಲ ಮೇಡಂ. ಇದೇ ಕೊನೆ."

ಮೇಜಿನ ಮೇಲೆ ವೈರು, ಬಿಚ್ಚಿದ ಮುಚ್ಚಳ, ಟಾರ್ಚು, ಸ್ಕ್ರೂಗಳ ಬಟ್ಟಲು ತುಂಬಿಕೊಂಡಿದ್ದವು. ಕೈಯಲ್ಲಿದ್ದ ಸಲಕರಣೆಯ ಚೀಲ ಇಡಲು ಜಾಗ ಕಾಣದೆ ಅಕ್ಕ ಅದನ್ನು ಪಕ್ಕದ ತಕ್ಕಡಿಯ ತಟ್ಟೆಯ ಮೇಲಿಟ್ಟು ಬಟನ್ ಒತ್ತಿದಳು.

ಕಪ್ಪು ಪರದೆ. ಎರಡು ಸಾಲು. ಮೂರು ಸೆಕೆಂಡು. ನಾಲ್ಕು. ಹತ್ತು.

ಹಸಿರು ಪುಟ ಬರಲಿಲ್ಲ.

ಇನ್ಸ್‌ಪೆಕ್ಟರಮ್ಮನ ಒರಗಿದ್ದ ಬೆನ್ನು ನೆಟ್ಟಗಾಯಿತು.

ಪರದೆಯ ಕೆಳಗೆ ಒಂದು ಸಣ್ಣ ಬಾಣದ ಗುರುತು, ಅದರ ಮುಂದೆ ಇರುವೆ ಸಾಲಿನ ಹಾಗೆ ಅಂಕಿಗಳು ಹರಿಯುತ್ತಿದ್ದವು: 318.4, 318.4, 318.4. ಅಕ್ಕ ಪಕ್ಕಕ್ಕೆ ತಿರುಗಿ ತಕ್ಕಡಿಯ ಪುಟ್ಟ ಗಾಜನ್ನು ನೋಡಿದಳು. ಅಲ್ಲಿಯೂ ಅದೇ ಅಂಕಿ. ಅವಳ ಚೀಲದ ತೂಕ.

ಚೀಲ ಎತ್ತಿ ಮತ್ತೆ ಬಟನ್ ಒತ್ತಿದಳು. ಕಂಪ್ಯೂಟರು ಸಲೀಸಾಗಿ ಎದ್ದಿತು. ಚೀಲ ಇಟ್ಟಳು, ನಿಂತಿತು. ಎತ್ತಿದಳು, ಎದ್ದಿತು.

"ಏನಿದು ಮಾಟ?" ಎಂದರು ಇನ್ಸ್‌ಪೆಕ್ಟರಮ್ಮ.

"ಮಾಟ ಅಲ್ಲ ಮೇಡಂ, ನನ್ನ ಮರೆವು." ಅಕ್ಕ ಸ್ಟೂಲಿನ ಮೇಲೆ ಕುಸಿದಳು. "ಮೆಷಿನ್ ಆನ್ ಆದ ತಕ್ಷಣ ಎಲ್ಲಕ್ಕಿಂತ ಮೊದಲು ಒಂದು ಚಿಕ್ಕ ಪ್ರೋಗ್ರಾಮ್ ಎಚ್ಚರಾಗುತ್ತೆ. ಬೂಟ್‌ಲೋಡರ್ ಅಂತೀವಿ. ಮನೇಲಿ ಎಲ್ಲರಿಗಿಂತ ಮೊದಲು ಎದ್ದು ಮಿಕ್ಕೋರನ್ನ ಎಬ್ಬಿಸೋ ಅಮ್ಮನ ಥರ ಅಂದ್ಕೊಳಿ. ಆದ್ರೆ ಎಬ್ಬಿಸೋಕೆ ಮುಂಚೆ ಮೂರು ಸೆಕೆಂಡ್ ಕಿವಿಗೊಟ್ಟು ನಿಲ್ಲುತ್ತೆ. ನನ್ನಂಥ ರಿಪೇರಿಯೋರು ಏನಾದ್ರೂ ಹೇಳ್ತಾರಾ ಅಂತ. ಯಾರೂ ಮಾತಾಡದೇ ಇದ್ರೆ ಮುಂದಕ್ಕೆ ಹೋಗುತ್ತೆ. ಯಾರಾದ್ರೂ ಒಂದಕ್ಷರ ಅಂದ್ರೆ ಸಾಕು, 'ಹೇಳಿ, ಏನಾಗಬೇಕು' ಅಂತ ಅಲ್ಲೇ ನಿಂತುಬಿಡುತ್ತೆ. ಸಂಜೆವರೆಗೂ ನಿಂತಿರುತ್ತೆ."

"ಮಾತಾಡಿದ್ದು ಯಾರು?"

"ತಕ್ಕಡಿ. ಹಿಂದಗಡೆ ವೈರ್ ಇದೆ ನೋಡಿ, ತೂಕ ಕಂಪ್ಯೂಟರಿಗೆ ಹೋಗೋದು ಅದರಲ್ಲೇ. ತಟ್ಟೆ ಖಾಲಿ ಇದ್ರೆ ತಕ್ಕಡಿ ಬಾಯಿ ಬಿಡಲ್ಲ. ಏನಾದ್ರೂ ಇಟ್ರೆ ತೂಕ ಹೇಳ್ತಾನೇ ಇರುತ್ತೆ. ನಾಲ್ಕು ವರ್ಷದ ಹಿಂದೆ ಇದನ್ನ ಕೂರಿಸುವಾಗ ನನ್ನ ಅನುಕೂಲಕ್ಕೆ ಅಂತ ಬೂಟ್‌ಲೋಡರಿಗೆ ಆ ವೈರಿನ ಮಾತೂ ಕೇಳೋ ಹಾಗೆ ಮಾಡಿದ್ದೆ. ಕೆಲಸ ಮುಗಿದ ಮೇಲೆ ಮುಚ್ಚಬೇಕಿತ್ತು. ಮರೆತೆ."

"ಈ ನಾಲ್ಕು ವರ್ಷ ನಿಲ್ಲದೇ ಇದ್ದದ್ದು ಆವತ್ತೇ ಯಾಕೆ ನಿಲ್ತು?"

"ದಿನಾ ಬೆಳಗ್ಗೆ ಕಂಪ್ಯೂಟರ್ ಹಾಕಿದ ಮೇಲೆ ತಾನೇ ಬೀರು ತೆಗೆಯೋದು? ಆನ್ ಮಾಡೋ ಹೊತ್ತಿಗೆ ತಟ್ಟೆ ಖಾಲಿ ಇರ್ತಿತ್ತು. ಆವತ್ತು ಇರಲಿಲ್ಲ. ನೀವು ಆಫೀಸಿಗೆ ಕಂಪ್ಯೂಟರ್ ಒಂದನ್ನೇ ಹೊತ್ಕೊಂಡು ಹೋದ್ರಿ, ತಕ್ಕಡೀನ ಇಲ್ಲೇ ಬಿಟ್ರಿ. ಅದಕ್ಕೇ ಅಲ್ಲಿ ನಿಲ್ಲಲಿಲ್ಲ."

ಇನ್ಸ್‌ಪೆಕ್ಟರಮ್ಮ ಕೋಣೆಯನ್ನು ಹೊಸದಾಗಿ ನೋಡುವವರಂತೆ ಸುತ್ತ ನೋಡಿದರು. ಬಿಳಿ ಟೈಲ್ಸಿನ ಗೋಡೆ. ಬೂದು ಬಣ್ಣದ ಕಬ್ಬಿಣದ ಬೀರು. ಅದರ ಪಕ್ಕ, ಮೇಷ್ಟ್ರ ದುಂಡು ಅಕ್ಷರದ ಹಾಳೆ: ತೂಕ ಬರೆಯುವ ತನಕ ಬಾಟಲಿ ಎತ್ತಬಾರದು.

"ಐದು ಸಲ ಆಫ್ ಮಾಡಿ ಆನ್ ಮಾಡಿದರಂತೆ," ಎಂದಳು ಅಕ್ಕ. "ಐದು ಸಲಾನೂ ಬಾಟಲಿ ತಟ್ಟೆ ಮೇಲೇ ಇತ್ತು. ಬೇರೆ ಯಾರಾದ್ರೂ ಆಗಿದ್ರೆ ಬೇಸತ್ತು ಎತ್ತಿಡ್ತಿದ್ರು, ಮೆಷಿನ್ ಎದ್ದಿರೋದು. ಇವರು ಎತ್ತಲ್ಲ. ಇವರ ನಿಯಮ ಇವರಿಗೇ ಮುಳುವಾಯ್ತು. ನಾನು ಬಂದಿದ್ರೆ ಎರಡು ನಿಮಿಷದ ಕೆಲಸ ಮೇಡಂ. ಎರಡೇ ನಿಮಿಷ."

ಆಮೇಲೆ ಅವಳು ಹನ್ನೊಂದು ದಿನದಿಂದ ಮಾಡದೇ ಇದ್ದ ಕೆಲಸ ಮಾಡಿದಳು. ಫೋನು ತೆಗೆದು ಮೇಷ್ಟ್ರ ಹೆಸರು ಒತ್ತಿದಳು. ಅವರು ಕಳಿಸಿದ ಚಿತ್ರ ಇಳಿಸಿಕೊಳ್ಳದೆ ಬಿಟ್ಟ ಮಬ್ಬು ಚೌಕವಾಗಿ ಅಲ್ಲೇ ಇತ್ತು. ಬದುಕಿದ್ದಾಗ ನೋಡಲು ಪುರಸೊತ್ತಿರಲಿಲ್ಲ, ಸತ್ತ ಮೇಲೆ ನೋಡಲು ಎದೆಗಾರಿಕೆ ಇರಲಿಲ್ಲ. ಮೇಷ್ಟ್ರ ಫೋನು ಇವತ್ತಿಗೂ ಸಿಕ್ಕಿಲ್ಲವಾದ್ದರಿಂದ ಲೋಕದಲ್ಲಿ ಈ ಚಿತ್ರ ಉಳಿದಿದ್ದರೆ ಇಲ್ಲಿ ಮಾತ್ರ.

ಅಕ್ಕ ಬೆರಳಿಟ್ಟಳು. ಮಬ್ಬು ಕರಗಿತು.

ಕಪ್ಪು ಪರದೆಯ ಚಿತ್ರ. ಬಾಣದ ಗುರುತಿನ ಮುಂದೆ ಅಂಕಿಗಳು: 409.1, 409.1, 409.1. ಕಳಿಸಿದ ಹೊತ್ತು ಎಂಟು ಹನ್ನೆರಡು.

ಇನ್ಸ್‌ಪೆಕ್ಟರಮ್ಮ ಫೈಲು ಬಿಚ್ಚಿದರು, ಮುಚ್ಚಿದರು. ಬಂದಾಗಿನಿಂದ ಮೊದಲ ಬಾರಿಗೆ ಕುರ್ಚಿ ಎಳೆದುಕೊಂಡು ಕೂತರು.

"ಎಂಟು ಹನ್ನೆರಡಕ್ಕೇ ಪುಡಿ ಕಡಿಮೆ ಆಗಿತ್ತು," ಎಂದರು ಮೆಲ್ಲಗೆ. "ಮೇಷ್ಟ್ರಿಗೆ ಅನುಮಾನ ಬಂದು ತೂಗಿದಾರೆ. ತೂಕ ಬರೆದ ಮೇಲೆ ತಾನೇ ಪುಸ್ತಕಕ್ಕೆ ಸಹಿ, ಅದಕ್ಕೇ ಅಲ್ಲಿ ಅವರ ಹೆಸರಿಲ್ಲ. ನಿನ್ನೆ ಸಂಜೆ ಎಷ್ಟಿತ್ತು ಅಂತ ನೋಡೋಕೆ ಕಂಪ್ಯೂಟರ್ ಬೇಕಾಗಿದೆ."

"ತೂಕದಮ್ಮ ಆಗಿನ್ನೂ ಬಂದೇ ಇರಲಿಲ್ಲ. ಗೇಟಿನ ಹಾಜರಿ ಮೆಷಿನ್ನೇ ಎಂಟು ಐವತ್ತು ಅನ್ನುತ್ತೆ. ಹಿಂದಿನ ಸಂಜೆ ಮೇಷ್ಟ್ರೂ ಅವಳೂ ಕೂತು ತೂಗಿ, ಬೀಗ ಹಾಕಿ, ಒಟ್ಟಿಗೇ ಗೇಟ್ ದಾಟಿದಾರೆ. ಅವಳಿಗೆ ಪುಡಿ ತೆಗೆಯೋಕೆ ಹೊತ್ತೇ ಇಲ್ಲ ಮೇಡಂ."

"ಈ ಚಿತ್ರ ಒಂದಿದ್ರೆ ಅವಳು ನಾಳೆ ಮನೇಲಿರ್ತಾಳೆ." ಇನ್ಸ್‌ಪೆಕ್ಟರಮ್ಮ ಫೈಲಿನ ಮೇಲೆ ಬೆರಳಿಟ್ಟರು. "ಚಿತ್ರ ಮತ್ತೆ ನಿಮ್ಮ ಮಾತು. ಕೋರ್ಟಲ್ಲಿ ಈ ಅಂಕಿ ಏನು ಅಂತ ಬಿಡಿಸಿ ಹೇಳೋರು ನೀವೊಬ್ಬರೇ. ನಿಮ್ಮನ್ನ ನಂಬಿದ್ರೆ ಅವಳು ಪಾರು."

ಅಕ್ಕ ಆಗಲೇ ಕಂಪ್ಯೂಟರಿನ ಕಡೆ ತಿರುಗಿದ್ದಳು. ಯಂತ್ರ ಯಾವಾಗ ಪೂರ್ತಿ ಎದ್ದಿತು ಎನ್ನುವುದನ್ನು ಅದೇ ಬರೆದಿಟ್ಟುಕೊಳ್ಳುತ್ತದೆ. ಆವತ್ತಿನ ಮೊದಲ ಸಾಲು ಎಂಟು ನಲವತ್ತಮೂರು.

"ತೂಕದಮ್ಮ ಬರೋಕೆ ಏಳು ನಿಮಿಷ ಮುಂಚೆ," ಎಂದಳು. "ಅಂದ್ರೆ ಯಾರೋ ಬಾಟಲಿ ಎತ್ತಿದಾರೆ. ಮೇಷ್ಟ್ರಲ್ಲ."

"ಬೀರುವಿನ ಕೀ ಇನ್ನೊಂದು ಯಾರ ಹತ್ರ ಇದೆ?"

ಇಬ್ಬರಿಗೂ ಗೊತ್ತಿತ್ತು.

ಕರೆಸಿದ ಮೇಲೆ, ಆ ಕೀ ಇಟ್ಟುಕೊಂಡಿದ್ದ ಮ್ಯಾನೇಜರು ಬಂದದ್ದು ಕೈಗೆ ಸ್ಯಾನಿಟೈಸರ್ ಉಜ್ಜಿಕೊಳ್ಳುತ್ತ. ಇಸ್ತ್ರಿ ಮುರಿಯದ ಅಂಗಿ, ಬಾಯಿ ತುಂಬ ನಗು. ಹರಡಿಕೊಂಡಿದ್ದ ವೈರುಗಳನ್ನು ನೋಡಿ, "ಏನಮ್ಮಾ ಸ್ಕ್ರೂ, ಕಂಪ್ಯೂಟರಿನ ಹೊಟ್ಟೆ ಕರುಳೆಲ್ಲ ಹೊರಗೆ ಹಾಕಿದೀಯ. ವಾಪಸ್ ತುಂಬೋಕೆ ಬರುತ್ತಾ?" ಎಂದ.

"ಬರುತ್ತೆ ಸಾರ್. ಆವತ್ತು ನೀವು ಎಷ್ಟು ಗಂಟೆಗೆ ಬಂದ್ರಿ?"

"ಪ್ರಶ್ನೆ ಕೇಳೋಕೆ ಮೇಡಂ ಇದಾರಲ್ಲ."

"ಅವರು ಕೇಳಲಿ, ನೀವು ಉತ್ತರ ಹೇಳಿ," ಎಂದರು ಇನ್ಸ್‌ಪೆಕ್ಟರಮ್ಮ.

"ಒಂಬತ್ತಕ್ಕೆ. ಹೇಳಿಕೆಯಲ್ಲಿ ಬರೆದುಕೊಟ್ಟಿದೀನಲ್ಲ."

"ಗೇಟಿನ ಮೆಷಿನ್ ಎಲ್ಲರಿಗೂ ಇದೆ, ನಿಮಗಿಲ್ಲ ಅಲ್ವಾ ಸಾರ್?"

"ಮ್ಯಾನೇಜರಿಗೆ ಯಾಕಮ್ಮ ಅದು? ನಾನೇನು ಕೂಲಿನಾ?"

ಅಕ್ಕ ತನ್ನ ಚೀಲವನ್ನು ತಕ್ಕಡಿಯ ಮೇಲಿಟ್ಟು ಬಟನ್ ಒತ್ತಿದಳು. ಪರದೆ ನಿಂತಿತು, ಅಂಕಿ ಹರಿಯಿತು. ಮ್ಯಾನೇಜರನ ನಗು ತುಟಿಯಲ್ಲೇ ಉಳಿಯಿತು, ಕಣ್ಣಿನಿಂದ ಹೋಯಿತು. ಅವನು ಪರದೆಯನ್ನು ನೋಡಲಿಲ್ಲ, ನೋಡಿದ್ದು ತಕ್ಕಡಿಯ ತಟ್ಟೆಯನ್ನು.

"ಕಂಪ್ಯೂಟರ್ ಕೆಟ್ಟರೆ ಯಾರೇ ಆದ್ರೂ ಪರದೆ ನೋಡ್ತಾರೆ ಸಾರ್," ಎಂದಳು ಅಕ್ಕ. "ನೀವು ತಕ್ಕಡಿ ಯಾಕೆ ನೋಡಿದ್ರಿ?"

"ನಾನು... ಸುಮ್ನೆ..."

"ಬಾಟಲಿ ಮೇಲೆ ಅರ್ಧ ಅಳಿಸಿಹೋದ ಬೆರಳ ಗುರುತೊಂದು ಇತ್ತು," ಇನ್ಸ್‌ಪೆಕ್ಟರಮ್ಮ ಫೈಲಿನಿಂದ ಕಣ್ಣೆತ್ತದೆ ಹೇಳಿದರು. "ಯಾರದು ಅಂತ ಇನ್ನೂ ತಾಳೆ ನೋಡಿಲ್ಲ. ಇವತ್ತೇ ನೋಡೋಣ್ವಾ?"

ಮ್ಯಾನೇಜರ್ ಮತ್ತೆ ಸ್ಯಾನಿಟೈಸರ್ ಒತ್ತಿದ. ಅದರ ಬಾಟಲಿ ಖಾಲಿಯಾಗಿ ಬುಸ್ಸೆಂದಿತು.

"ಎತ್ತಿದೆ," ಎಂದ. "ನಾನೇ ಎತ್ತಿದೆ. ಎಂಟು ನಲವತ್ತಕ್ಕೆ ಬಂದೆ. ಎತ್ತಿ ಬೀರುವಲ್ಲಿಟ್ಟು, ಮೆಷಿನ್ ಆಫ್ ಮಾಡಿ ಆನ್ ಮಾಡಿದೆ. ಎದ್ದಿತು. ಮೇಷ್ಟ್ರು ನನ್ನ ಮೇಲೆ ಹರಿಹಾಯ್ದರು. ಬರೆಯದೆ ಯಾಕೆ ಎತ್ತಿದೆ ಅಂತ, ಮಗೂನ ಬೈಯೋ ಹಾಗೆ ಬೈದರು. ತೂಕದಮ್ಮ ಬರಲಿ, ಅವಳ ಎದುರಿಗೇ ಮತ್ತೆ ತೂಗ್ತೀನಿ ಅಂದರು. ನಾನು ಸಿಟ್ಟು ಮಾಡ್ಕೊಂಡು ಹೊರಟುಹೋದೆ. ಅಷ್ಟೇ. ದೇವರಾಣೆ ಅಷ್ಟೇ. ಫ್ಲಾಸ್ಕಿನ ಹತ್ರಾನೂ ಸುಳಿಯಲಿಲ್ಲ."

"ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದು ಯಾಕೆ?"

"ಬರೆಯದೆ ವಿಷದ ಬಾಟಲಿ ಎತ್ತೋದು ತಪ್ಪು. ಕಾರ್ಖಾನೆ ಮುಚ್ಚಿಸ್ತಾರೆ. ಆಮೇಲೆ ಇವರು ಸತ್ತರು... ನನ್ನ ಬೆರಳ ಗುರುತು... ಹೆದರಿಕೆ ಆಯ್ತು ಮೇಡಂ."

"ನಿಮಗೆ ಹೆದರಿಕೆ ಆಯ್ತು, ಅಲ್ಲೊಂದು ಕೂಸು ತಾಯಿಯಿಲ್ಲದೆ ಹನ್ನೊಂದು ರಾತ್ರಿ ಅತ್ತಿತು," ಎಂದಳು ಅಕ್ಕ.

ಹಾಗೆ ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. ಇಳಿಸಿಕೊಳ್ಳದ ಚಿತ್ರ ಅವಳ ಫೋನಿನಲ್ಲೂ ಹನ್ನೊಂದು ರಾತ್ರಿ ಇತ್ತಲ್ಲ. ಇವನಿಗೆ ಬುದ್ಧಿ ಹೇಳುವ ಬಾಯಿ ತನಗೆಲ್ಲಿಯದು?

ಅಷ್ಟರಲ್ಲಿ ಅವಳಿಗೆ ಇನ್ನೊಂದು ಹೊಳೆಯಿತು. ಹೊಳೆದದ್ದು ಹಿಡಿಸಲಿಲ್ಲ.

"ಸಾರ್, ಒಂದು ಮಾತು. ಬಾಟಲಿ ಎತ್ತಿದ್ರೆ ಕಂಪ್ಯೂಟರ್ ಏಳುತ್ತೆ ಅಂತ ನಿಮಗೆ ಹೇಗೆ ಗೊತ್ತಾಯ್ತು? ಇದನ್ನ ಕೂರಿಸಿದ ನನಗೇ ಅರ್ಧ ಗಂಟೆ ಹಿಂದೆ ಗೊತ್ತಾಗಿದ್ದು."

ಮ್ಯಾನೇಜರ್ ಅವಳನ್ನು ವಿಚಿತ್ರವಾಗಿ ನೋಡಿದ.

"ಏನು ನಾಟಕ ಇದು? ನೀನೇ ತಾನೇ ಹೇಳಿದ್ದು?"

"ನಾನಾ?"

"ಮೆಸೇಜ್ ಕಳಿಸಿದೆಯಲ್ಲ. ಅದನ್ನ ನೋಡೇ ನಾನು ಬೇಗ ಬಂದಿದ್ದು. ಇಲ್ಲದಿದ್ರೆ ನನಗ್ಯಾಕೆ ಈ ತಕ್ಕಡಿ ತಂಟೆ?"

ಅವನು ಫೋನು ತೆಗೆದು ಬೆರಳಿನಿಂದ ಮೇಲಕ್ಕೆ ತಳ್ಳಿ, ಇಬ್ಬರ ಮುಂದೆ ಹಿಡಿದ. ಮೇಲೆ ಅಕ್ಕನ ಹೆಸರು. ಕೆಳಗೆ ಅಕ್ಕನ ನಂಬರು. ಆವತ್ತಿನ ತಾರೀಖು, ಎಂಟು ಮೂವತ್ತೊಂದು.

"ತಕ್ಕಡಿ ಮೇಲಿನ ಬಾಟಲಿ ತೆಗೆದು ಆಮೇಲೆ ಆಫ್ ಮಾಡಿ ಆನ್ ಮಾಡಿ. ಕಂಪ್ಯೂಟರ್ ಏಳುತ್ತೆ. ಮೇಷ್ಟ್ರು ಎತ್ತಲ್ಲ, ನೀವೇ ಎತ್ತಿ."

ಅಕ್ಕ ತನ್ನ ಫೋನಿನಲ್ಲಿ ಮ್ಯಾನೇಜರನ ಹೆಸರು ತೆಗೆದಳು. ಆ ತಾರೀಖಿಗೆ ಅಲ್ಲಿ ಏನೂ ಇರಲಿಲ್ಲ. ಯಾರೋ ಕಳಿಸಿದ್ದಾರೆ. ಕಳಿಸಿ, ಗುರುತು ಉಳಿಯದ ಹಾಗೆ ಒರೆಸಿದ್ದಾರೆ.

"ಸಾರ್, ನೀವು ಹೊರಗಿರಿ," ಎಂದರು ಇನ್ಸ್‌ಪೆಕ್ಟರಮ್ಮ. "ದೂರ ಹೋಗಬೇಡಿ."

ಬಾಗಿಲು ಮುಚ್ಚಿಕೊಂಡಿತು.

"ಎಂಟು ಮೂವತ್ತೊಂದಕ್ಕೆ ನಿಮ್ಮ ಫೋನ್ ಯಾರ ಕೈಲಿತ್ತು ಅಕ್ಕಾ?"

ಅಕ್ಕನಿಗೆ ನೆನಪು ಮಾಡಿಕೊಳ್ಳಬೇಕಾದ ಕೆಲಸವಿರಲಿಲ್ಲ. ಮೇಷ್ಟ್ರ ಎರಡನೆಯ ಕರೆ ಮುಗಿಸಿದವಳೇ ಫೋನನ್ನು ಹಾಸಿಗೆಯ ಮೇಲೆಸೆದು ಸ್ನಾನಕ್ಕೆ ನುಗ್ಗಿದ್ದಳು. ತಲೆಗೆ ನೀರು ಬೀಳುವಾಗ ಬಾಗಿಲಾಚೆ, ಫೋನಿನ ಮಾತೆಲ್ಲ ಕೇಳಿಸಿಕೊಂಡಿದ್ದ ಮಗಳ ದನಿ ಬಂದಿತ್ತು. "ಅಮ್ಮಾ, ನಿನ್ನ ಫೋನ್ ಒಂಚೂರು ತಗೋತೀನಿ. ನನ್ನದರಲ್ಲಿ ಚಾರ್ಜ್ ಇಲ್ಲ." ಆಯ್ತು ಎಂದಿದ್ದಳೋ, ಅದನ್ನೂ ಅನ್ನದೆ ಗೊಣಗಿದ್ದಳೋ. ಮಗಳು ಏನು ಮಾಡುತ್ತಾಳೆ, ಯಾರಿಗೆ ಏನು ಬರೆಯುತ್ತಾಳೆ ಎಂದು ಬಾಗಿಲು ತೆರೆದು ಕೇಳಿ ಎಷ್ಟು ಕಾಲವಾಗಿತ್ತು? ಕಾಲೇಜು ಮುಗಿಸಿ ಒಂದು ಗಂಟೆ ಮೇಷ್ಟ್ರ ಹತ್ತಿರ ಕೂತಿರುತ್ತಾಳೆ, ತನಗೂ ಒಂದು ಗಂಟೆ ಬಿಡುವು ಸಿಗುತ್ತದೆ ಎಂದು ಖುಷಿಪಟ್ಟಿದ್ದಳು. ಆ ಒಂದು ಗಂಟೆಯಲ್ಲಿ ಹುಡುಗಿ ಈ ಕೋಣೆಯಲ್ಲಿ ಏನೇನು ಕಲಿತಳು? ತಕ್ಕಡಿಯ ಮಾತು ಕಲಿತಳು. ಮೇಷ್ಟ್ರು ಬಾಟಲಿ ಎತ್ತುವುದಿಲ್ಲ ಎನ್ನುವುದನ್ನೂ ಕಲಿತಳು. ಅವರ ಪೇಚಾಟ ನೋಡಲಾಗದೆ ಬರೆದಳೋ, ತೂಕ ಯಾರ ಕಣ್ಣಿಗೂ ಬೀಳದಿರಲಿ ಎಂದು ಬರೆದಳೋ?

ಮೇಷ್ಟ್ರು ಸತ್ತ ದಿನದಿಂದಲೂ ಅವರ ಹೆಸರೆತ್ತಿದರೆ ಮಗಳು ಎದ್ದು ಹೋಗುತ್ತಿದ್ದಳು. ದುಃಖ ಅಂದುಕೊಂಡಿದ್ದೆನಲ್ಲ, ಎನಿಸಿತು ಅಕ್ಕನಿಗೆ. ದುಃಖವೇ ಇರಬೇಕು. ದುಃಖವೇ ಇರಲಿ.

"ಅಕ್ಕಾ, ಕೇಳಿದ್ದು ನಿಮ್ಮನ್ನೇ."

"ನನ್ನ ಕೈಲೇ ಇತ್ತು ಮೇಡಂ. ನಾನೇ ಬರೆದಿದ್ದು. ಮರೆತಿದ್ದೆ."

ಮಾತು ಹೊರಬಿದ್ದ ಮೇಲೆ ಅದರ ಭಾರ ತಿಳಿಯಿತು. ಇನ್ಸ್‌ಪೆಕ್ಟರಮ್ಮ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು. ಬೇಸರದಿಂದ, ತುಂಬ ಬೇಕಾದವರು ಕೈಬಿಟ್ಟಾಗ ನೋಡುವ ಹಾಗೆ ನೋಡಿದರು.

"ನೀವು ಇವತ್ತು ಇಪ್ಪತ್ತು ಸಲ ಬಟನ್ ಒತ್ತಿದ್ದನ್ನ ನಾನು ಇಲ್ಲೇ ನಿಂತು ನೋಡಿದೀನಿ. ಕಾರಣ ಗೊತ್ತಾದಾಗ ನೀವು ಸ್ಟೂಲ್ ಮೇಲೆ ಕುಸಿದದ್ದೂ ನೋಡಿದೀನಿ. ಇವತ್ತು ಮಧ್ಯಾಹ್ನ ಗೊತ್ತಾಗಿದ್ದನ್ನ ಆವತ್ತು ಬೆಳಗ್ಗೆ ಹೇಗೆ ಬರೆದ್ರಿ?"

ಅಕ್ಕ ತಕ್ಕಡಿಯ ಮೇಲಿದ್ದ ಚೀಲವನ್ನು ಎತ್ತಿಕೊಂಡಳು.

"ನಾಳೆ ಕೋರ್ಟಲ್ಲಿ ನೀವು ಒಂದು ಸುಳ್ಳು ಹೇಳಿದ್ರಿ ಅಂದ್ರೆ, ಆ ಅಂಕಿ ಬಗ್ಗೆ ಹೇಳೋ ನಿಜಾನೂ ಯಾರೂ ನಂಬಲ್ಲ. ತೂಕದಮ್ಮ ಅಲ್ಲೇ ಉಳೀತಾಳೆ. ನಿಜ ಹೇಳಿದ್ರೆ ಅವಳು ಮನೆಗೆ ಹೋಗ್ತಾಳೆ." ಇನ್ಸ್‌ಪೆಕ್ಟರಮ್ಮ ಎದ್ದು ನಿಂತರು. "ಆಮೇಲೆ ನಾನು ಯಾರ ಮನೆಗೆ ಬರಬೇಕಾಗುತ್ತೆ ಅನ್ನೋದನ್ನ ನಾನಿನ್ನೂ ಕೇಳಿಲ್ಲ."

ಅವರು ಕೈ ಚಾಚಿದರು.

"ಫೋನ್ ಕೊಡಿ ಅಕ್ಕಾ."

ಅಕ್ಕ ಕೈ ಮುಂದೆ ಮಾಡಿದಳು. ಫೋನು ಇನ್ಸ್‌ಪೆಕ್ಟರಮ್ಮನ ಅಂಗೈಗೆ ತಾಕಿತು. ಅವರು ಎಳೆದರು. ಅಕ್ಕನ ಬೆರಳುಗಳು ಬಿಡಲಿಲ್ಲ.